ಟೈಪ್‌ಸೆಟಿಂಗ್ ಮಷೀನ್ ಬೇಡ, ಲೇಸರ್ ಪ್ರಿಂಟರಲ್ಲೇ ಅಚ್ಚಿನ ಪುಟ ತೆಗೆಯಿರಿ

ಅಚ್ಚಿಗೆ ಹೋಗುವ ಪುಟ ಅಂದರೆ ಟೈಪ್‌ಸೆಟಿಂಗ್ ಮಷೀನಿನಿಂದ ಬ್ರೋಮೈಡ್ ಪೇಪರ್ (ಫೋಟೋ ಕಾಗದ) ಮೇಲೇ ಬರಬೇಕು ಅನ್ನುವ ಕಾಲವಿತ್ತು. 1985ರಲ್ಲಿ ಆಪಲ್ ಲೇಸರ್‌ರೈಟರ್ ಪ್ರಿಂಟರ್ ಬಂತು, ಆದರೆ ಇಂಚಿಗೆ 300 ಚುಕ್ಕೆ ಮಾತ್ರ. ಲಿನೋಟ್ರಾನಿಕ್ 300 ಅನ್ನುವ ಟೈಪ್‌ಸೆಟಿಂಗ್ ಮಷೀನು 2540 ಚುಕ್ಕೆ ಹಾಕುತ್ತಿತ್ತು. 1200 ಚುಕ್ಕೆಯ ಲೇಸರ್ ಪ್ರಿಂಟರ್ ಇವೆರಡರ ನಡುವಿನದು, ಬರೀ ಅಕ್ಷರ ಇರುವ ಪುಟಕ್ಕೆ ಧಾರಾಳ ಸಾಕು.

ಡಬ್ಬಿ ಮೇಲೆ 1200 ಅಂತ ಬರೆದಿದ್ದನ್ನು ಸುಮ್ನೆ ನಂಬಬೇಡಿ. 600 ಚುಕ್ಕೆಯನ್ನೇ ನಯ ಮಾಡಿ ತೋರಿಸುವ ಪ್ರಿಂಟರುಗಳೂ ಇವೆ. ‘ಸ್ತ್ರೀ’, ‘ಲಕ್ಷ್ಮೀ’ ಅಂತ 6 ಪಾಯಿಂಟಲ್ಲಿ ಪ್ರಿಂಟ್ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಒತ್ತಕ್ಷರದ ಒಳಗಿನ ಸಣ್ಣ ಬಿಳಿ ಜಾಗ ಟೋನರಿನಿಂದ (ಲೇಸರ್ ಪ್ರಿಂಟರಿನ ಪುಡಿ ಶಾಯಿ) ಮುಚ್ಚಿಹೋಗಿದ್ದರೆ ಆ ಪ್ರಿಂಟರ್ ಅಡಿಟಿಪ್ಪಣಿಗೆ ಆಗಲ್ಲ.

ಪೇಪರ್ ವಿಷಯದಲ್ಲಿ ಜಿಪುಣತನ ಬೇಡ. ಒರಟು ಪೇಪರಿನ ನಾರಿನ ಮೇಲೆ ಟೋನರ್ ಚದುರಿ ಅಕ್ಷರದ ಅಂಚು ಹರಿದಂತೆ ಕಾಣುತ್ತದೆ, ಹಾಗಾಗಿ ಲೇಸರಿಗೆ ಅಂತಲೇ ಇರುವ ನುಣುಪಾದ ಬಿಳಿ ಪೇಪರ್ ತನ್ನಿ. ಇಂಕ್‌ಜೆಟ್‌ನ ಹೊಳೆಯುವ ಪೇಪರ್ ಮಾತ್ರ ಹಾಕಲೇಬೇಡಿ, ಒಳಗಿನ ಬಿಸಿ ರೋಲರಿಗೆ ಅದರ ಲೇಪ ಕರಗಿ ಅಂಟಿಕೊಳ್ಳಬಹುದು.

ಈಗ ಸೆಟಿಂಗ್. ಟೋನರ್ ಉಳಿಸುವ ಮೋಡ್ ಆಫ್ ಮಾಡಿ. ಪಿಡಿಎಫ್‌ನಲ್ಲಿ ಫಾಂಟ್ ಸೇರಿದೆಯೇ ನೋಡಿ. ಗೆರೆ ಕಾಲು ಪಾಯಿಂಟಿಗಿಂತ ಸಣ್ಣದು ಬೇಡ, ಅಚ್ಚು ಹಾಕುವ ಪ್ಲೇಟಿಗೆ ಹೋಗುವಷ್ಟರಲ್ಲಿ ಮಾಯವಾಗುತ್ತದೆ. ‘ಫಿಟ್ ಟು ಪೇಜ್’ ತೆಗೆದು ಅಳತೆ ಶೇಕಡಾ 100ಕ್ಕೇ ಇಡಿ. ನಾನೊಮ್ಮೆ ಇದನ್ನು ಮರೆತು, ಇಡೀ ಪುಸ್ತಕ ಒಂದು ಸುತ್ತು ಚಿಕ್ಕದಾಗಿ ಬಂದು, ಮತ್ತೆ ಮೊದಲಿಂದ ಪ್ರಿಂಟ್ ತೆಗೆದಿದ್ದೇನೆ.

ಇರುವುದು 600ರ ಪ್ರಿಂಟರೇ? ಪುಟವನ್ನು ಒಂದೂವರೆ ಪಟ್ಟು ದೊಡ್ಡದಾಗಿ ತೆಗೆದು, ಪ್ಲೇಟಿಗಾಗಿ ಪುಟದ ಫೋಟೋ ತೆಗೆಯುವ ಪ್ರೆಸ್ಸಿನ ಕ್ಯಾಮೆರಾದಲ್ಲಿ ಮೂಲ ಅಳತೆಗೆ ಇಳಿಸಿದರೆ 900 ಚುಕ್ಕೆಯ ಲೆಕ್ಕವಾಗುತ್ತದೆ. ಹಳೇ ಉಪಾಯ, ಆದರೆ ಕೆಲಸ ಮಾಡುತ್ತದೆ.

ಫೋಟೋ ಇದ್ದರೆ ಕಥೆ ಬೇರೆ. ಅಚ್ಚಿಗೆ ಫೋಟೋವನ್ನು ದೊಡ್ಡ-ಸಣ್ಣ ಬಿಂದುಗಳ ಸಾಲುಗಳಾಗಿ ಒಡೆಯಬೇಕು, ಇದಕ್ಕೆ ಸ್ಕ್ರೀನ್ ಅಂತಾರೆ. 1200 ಚುಕ್ಕೆಯಲ್ಲಿ ಇಂಚಿಗೆ 150 ಗೆರೆಯ (ಸಾಲಿನ) ಸ್ಕ್ರೀನ್ ಹಾಕಿದರೆ ಒಂದು ಬಿಂದುವಿನ ಕೋಶಕ್ಕೆ ಸಿಗುವುದು 8×8, ಅಂದರೆ 64 ಚುಕ್ಕೆ. ಅಷ್ಟರಲ್ಲಿ ಮುಖದ ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಆ ಜಾಗ ಖಾಲಿ ಬಿಟ್ಟು ಫೋಟೋವನ್ನು ಇಮೇಜ್‌ಸೆಟರಲ್ಲೇ (ಅಚ್ಚಿಗೆ ಫಿಲ್ಮ್ ತೆಗೆಯುವ ಮಷೀನು) ತೆಗೆಸಿ. ನಾಲ್ಕು ಬಣ್ಣದ ಕೆಲಸವೂ ಅಲ್ಲಿಗೇ ಹೋಗಲಿ. ಅದಕ್ಕೆ ಬಣ್ಣಕ್ಕೊಂದು ಹಾಳೆ ಬೇಕು, ಪ್ರಿಂಟರಿನ ಬಿಸಿಗೆ ಒಂದೊಂದು ಹಾಳೆ ಒಂದೊಂದು ಥರ ಕುಗ್ಗಿ, ಬಣ್ಣಕ್ಕೆ ಬಣ್ಣ ಕೂಡಲ್ಲ.

ಮುಗಿದ ಪುಟಗಳನ್ನು ಮಡಚಬೇಡಿ, ಮಡಿಕೆಯಲ್ಲಿ ಟೋನರ್ ಉದುರುತ್ತದೆ. ಪ್ಲಾಸ್ಟಿಕ್ ಫೋಲ್ಡರಿಗೂ ಬೇಡ, ಅಕ್ಷರ ಅದಕ್ಕೇ ಅಂಟಿಕೊಂಡು ಬರಬಹುದು. ನಡುವೆ ಒಂದೊಂದು ಖಾಲಿ ಹಾಳೆ ಇಟ್ಟು, ರಟ್ಟಿನ ಮೇಲೆ ಚಪ್ಪಟೆಯಾಗಿ ಒಯ್ಯಿರಿ.