ಮಳೆಯಿಲ್ಲದ ದಿನ ಕಾಲುವೆ ಹಿಡಿದು ನಡೆಯಿರಿ: ಬಡಾವಣೆಯ ಕೆರೆಯನ್ನು ನೆರೆಹೊರೆಯವರು ಕಾಯುವ ಬಗೆ

ಬೆಂಗಳೂರಿನ ಕೆರೆಗಳು ತಾವಾಗಿ ಹುಟ್ಟಿದವಲ್ಲ. ಮಳೆನೀರು ಹರಿದುಹೋಗುವ ತಗ್ಗಿಗೆ ಅಡ್ಡಲಾಗಿ ಏರಿ ಕಟ್ಟಿ, ತೂಬಿನಿಂದ ಗದ್ದೆಗಳಿಗೆ ನೀರು ಬಿಟ್ಟು, ಮಿಕ್ಕದ್ದು ಕೋಡಿ ಹರಿದು ಕೆಳಗಿನ ಕೆರೆಯನ್ನು ಸೇರುವಂತೆ ಜನರೇ ಮಾಡಿಕೊಂಡ ಸರಪಳಿ ಅದು. ನೀರು ಬಿಡಲು ಊರಿಗೊಬ್ಬ ನೀರಗಂಟಿ ಇದ್ದ. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಅಂದರೆ ದತ್ತಿ ಭೂಮಿ, ಬಿಟ್ಟ ವಿವರ ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಗದ್ದೆಗಳಿದ್ದಲ್ಲಿ ಮನೆಗಳು ಎದ್ದ ಮೇಲೆ ನೀರಗಂಟಿಯ ಕೆಲಸ ಯಾರದೂ ಅಲ್ಲದಂತಾಯಿತು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಲ್ಲಿ, ಸರ್ಜಾಪುರ ರಸ್ತೆಯ ಕೈಕೊಂಡರಹಳ್ಳಿ ಕೆರೆಯಲ್ಲಿ ಸುತ್ತಲಿನ ನಿವಾಸಿಗಳು ಸಂಘಟಿತರಾಗಿ, ಪಾಲಿಕೆಯೊಂದಿಗೆ ಸೇರಿ ಆ ಕೆಲಸವನ್ನು ಕೈಗೆತ್ತಿಕೊಂಡರು. ನಿಮ್ಮ ಬಡಾವಣೆಯಲ್ಲೂ ಅದನ್ನು ಮಾಡಲು ಹತ್ತು ಮನೆಯವರು ಸಾಕು.

ಸಾಮಾನ್ಯವಾಗಿ ಇಂಥ ಗುಂಪುಗಳು ಭಾನುವಾರ ದಡದ ಪ್ಲಾಸ್ಟಿಕ್ ಹೆಕ್ಕುವುದರಿಂದ ಆರಂಭಿಸುತ್ತವೆ. ಅದು ತಪ್ಪಲ್ಲ, ನೆರೆಹೊರೆಯವರ ಪರಿಚಯಕ್ಕೆ ಒಳ್ಳೆಯ ದಾರಿಯೂ ಹೌದು. ಆದರೆ ಕೆರೆಯ ರೋಗ ದಡದಲ್ಲಿಲ್ಲ, ಅದಕ್ಕೆ ನೀರು ತರುವ ರಾಜಕಾಲುವೆಯಲ್ಲಿದೆ. ಆದ್ದರಿಂದ ಮೊದಲ ಕೆಲಸ ಕಾಲುವೆಯುದ್ದಕ್ಕೂ ನಡೆಯುವುದು.

ಇದಕ್ಕೆ ಫೆಬ್ರವರಿ ಅಥವಾ ಮಾರ್ಚ್ ತಿಂಗಳನ್ನು ಆರಿಸಿಕೊಳ್ಳಿ. ಕನಿಷ್ಠ ಒಂದು ವಾರ ಮಳೆ ಬಿದ್ದಿರಬಾರದು. ರಾಜಕಾಲುವೆ ಇರುವುದು ಮಳೆನೀರಿಗೆ. ಮಳೆಯೇ ಇಲ್ಲದ ದಿನ ಅದರಲ್ಲಿ ಬೂದುಬಣ್ಣದ, ಸೋಪಿನ ನೊರೆಯ, ವಾಸನೆಯ ನೀರು ಹರಿಯುತ್ತಿದ್ದರೆ ಅದು ಯಾರದೋ ಮನೆಯ ಕೊಳಚೆ ಎಂದೇ ತಿಳಿಯಬೇಕು. ಮನೆಗಳಲ್ಲಿ ಸ್ನಾನ, ಪಾತ್ರೆ, ಬಟ್ಟೆಯ ಕೆಲಸ ನಡೆಯುವ ಬೆಳಗಿನ ಏಳರಿಂದ ಒಂಬತ್ತರ ಹೊತ್ತಿನಲ್ಲಿ ಹರಿವು ಎದ್ದು ಕಾಣುತ್ತದೆ. ಗ್ರಾಮನಕ್ಷೆಯ ಪ್ರತಿಯನ್ನೋ ಸರ್ವೆ ನಂಬರು ತೋರಿಸುವ ಸರ್ಕಾರದ ದಿಶಾಂಕ್ ಆ್ಯಪನ್ನೋ ಇಟ್ಟುಕೊಂಡು, ಕೆರೆಗೆ ನೀರು ಬೀಳುವ ಜಾಗದಿಂದ ಮೇಲ್ಮುಖವಾಗಿ ನಡೆಯುತ್ತ, ಕೊಳಚೆ ಸೇರುವ ಪ್ರತಿಯೊಂದು ಪೈಪನ್ನೂ ಕೆಂಪು ಶಾಯಿಯಲ್ಲಿ ಗುರುತಿಸಿ, ಫೋಟೊ, ದಿನಾಂಕ ಮತ್ತು ಸರ್ವೆ ನಂಬರಿನೊಡನೆ ಬರೆದಿಡಿ. ಒತ್ತುವರಿ ಕಂಡಂತಾದರೆ ಆ್ಯಪಿನ ಗೆರೆಯನ್ನೇ ನಂಬಿ ಜಗಳಕ್ಕೆ ಹೋಗಬೇಡಿ. ಸರ್ವೆ ಮಾಡಿಸುವಂತೆ ತಹಶೀಲ್ದಾರರಿಗೆ ಬರೆಯಿರಿ.

ಕೆಂಪು ಗುರುತುಗಳೆಲ್ಲ ಒಂದೇ ಬಗೆಯವಲ್ಲ, ಪರಿಹಾರವೂ ಒಂದೇ ಅಲ್ಲ. ಒಳಚರಂಡಿಯ ಕೊಳವೆಗಳನ್ನು ಇಳಿಜಾರು ಸಿಗಲೆಂದು ಹಲವೆಡೆ ಕಾಲುವೆಯ ಪಕ್ಕದಲ್ಲೇ ಹಾಕಿರುತ್ತಾರೆ. ಅದು ಕಟ್ಟಿಕೊಂಡಾಗ ಮ್ಯಾನ್‌ಹೋಲ್ ಉಕ್ಕಿ ಎಲ್ಲವೂ ಕಾಲುವೆಗೆ ಬೀಳುತ್ತದೆ. ಇದು ಜಲಮಂಡಳಿಯ ಕೆಲಸ, ಮ್ಯಾನ್‌ಹೋಲಿನ ನಿಖರವಾದ ಜಾಗ ತಿಳಿಸಿದರೆ ದುರಸ್ತಿಯಾಗುವ ದೂರು. ಮನೆಯ ಅಥವಾ ವಸತಿ ಸಮುಚ್ಚಯದ ಪೈಪೇ ನೇರವಾಗಿ ಕಾಲುವೆಗೆ ಸೇರಿದ್ದರೆ ದೂರು ಬರೆಯುವ ಮೊದಲು ಆ ಮನೆಯವರನ್ನು ಕಂಡು ಮಾತನಾಡಿ. ಮನೆ ಕಟ್ಟಿಸುವಾಗ ಮೇಸ್ತ್ರಿ ಎಲ್ಲಿಗೆ ಜೋಡಿಸಿದನೆಂಬುದು ಎಷ್ಟೋ ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಮಾತಿಗೆ ಬಗ್ಗದಿದ್ದರೆ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಟ್ಟಿಗೆ ಬರೆಯಿರಿ; 2014ರ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯಿದೆಯು ಕೆರೆಗೆ ಸಂಸ್ಕರಿಸದ ಕೊಳಚೆ ಬಿಡುವುದನ್ನು ನಿಷೇಧಿಸಿದೆ. ರಾತ್ರಿ ಬಂದು ಟ್ಯಾಂಕರ್ ಸುರಿಯುವವರನ್ನು ಮಾತ್ರ ಒಬ್ಬರೇ ಎದುರಿಸಬೇಡಿ. ವಾಹನದ ಸಂಖ್ಯೆಯನ್ನು ಬರೆದುಕೊಂಡು ಪೊಲೀಸರಿಗೆ ತಿಳಿಸಿ.

ಎರಡನೆಯದು, ಕೆರೆಯ ದಿನಚರಿ. ಒಂದು ಗಟ್ಟಿ ಪುಸ್ತಕ ತಂದು, ವಾರಕ್ಕೆ ಒಬ್ಬರಂತೆ ಸರದಿ ಹಾಕಿಕೊಂಡು, ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನೋಡಿ ಬರೆಯಿರಿ. ಹೊತ್ತು ಬೆಳಗಿನ ಆರರ ಆಸುಪಾಸು ಇರಲಿ. ಹಗಲಿನಲ್ಲಿ ಪಾಚಿ ಮತ್ತು ಗಿಡಗಳು ನೀರಿಗೆ ಆಮ್ಲಜನಕ ಬಿಡುತ್ತವೆ, ಇರುಳೆಲ್ಲ ಅವೂ ಸೇರಿ ಎಲ್ಲ ಜೀವಿಗಳೂ ಅದನ್ನು ಬಳಸುತ್ತವೆ; ಹೀಗಾಗಿ ಅದು ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಮಧ್ಯಾಹ್ನ ಅಳೆದು ಎಲ್ಲವೂ ಸರಿಯಿದೆಯೆಂದು ಬರೆದ ಕೆರೆಯಲ್ಲೇ ಮರುದಿನ ಬೆಳಗ್ಗೆ ಮೀನು ಸತ್ತು ತೇಲಬಹುದು. ಕರಗಿದ ಆಮ್ಲಜನಕವನ್ನು ಅಳೆಯುವ ಸಣ್ಣ ಕಿಟ್‌ಗಳು ಸಿಗುತ್ತವೆ. ಮೀನು ಮತ್ತು ವನ್ಯಜೀವಿಗಳಿಗೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಮಟ್ಟ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ. ನೀರಿನ ತಿಳಿಯನ್ನು ಅಳೆಯಲು 20 ಸೆಂಟಿಮೀಟರ್ ಅಗಲದ ದುಂಡು ತಟ್ಟೆಯೊಂದಕ್ಕೆ ಕಾಲುಭಾಗಗಳಲ್ಲಿ ಕಪ್ಪು ಬಿಳಿ ಬಣ್ಣ ಬಳಿದು, ತೂಕ ಕಟ್ಟಿ, 10 ಸೆಂಟಿಮೀಟರಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಇಳಿಬಿಟ್ಟು, ಎಷ್ಟನೆಯ ಗಂಟಿಗೆ ಅದು ಕಣ್ಮರೆಯಾಯಿತೆಂದು ನೋಡಿದರೆ ಸಾಕು. ಯಂತ್ರವಿಲ್ಲದವರಿಗೂ ಒಂದು ಲಕ್ಷಣ ಕಾಣುತ್ತದೆ: ಬೆಳಗಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಕೆರೆ ಉಸಿರುಗಟ್ಟುತ್ತಿದೆ ಎಂದರ್ಥ.

ಬೇಸಿಗೆಯ ಮೊದಲ ದೊಡ್ಡ ಮಳೆಯ ಮರುದಿನ ತಪ್ಪದೆ ಕೆರೆಗೆ ಹೋಗಿ. ತಿಂಗಳುಗಟ್ಟಲೆ ಕಾಲುವೆಯ ತಳದಲ್ಲಿ ಕೂತ ಕೊಳಕನ್ನೆಲ್ಲ ಆ ಮಳೆ ಒಂದೇ ಸಲ ಕೆರೆಗೆ ತಂದು ಹಾಕುತ್ತದೆ. ಮೀನು ಸತ್ತಿದ್ದರೆ ಕೂಡಲೇ ತೆಗೆಸಬೇಕು, ಏಕೆಂದರೆ ಅವು ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ಕುಡಿದುಬಿಡುತ್ತವೆ. ಅಂದೇ ನೀರಿನ ಮಾದರಿ ತೆಗೆಯುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ, ಬಂದು ನೋಡುವಂತೆ ಮೀನುಗಾರಿಕೆ ಇಲಾಖೆಯನ್ನೂ ಕೇಳಿಕೊಳ್ಳಿ. ನಿಮ್ಮ ದಿನಚರಿಗೆ ಬೆಲೆ ಬರುವುದು ಆಗಲೇ: ಹಿಂದಿನ ಆರು ತಿಂಗಳ ಅಂಕಿಗಳನ್ನು ಮುಂದಿಟ್ಟವರ ಮಾತನ್ನು ಅಧಿಕಾರಿಗಳು ತಳ್ಳಿಹಾಕುವುದು ಕಷ್ಟ.

ಕಳೆಯ ವಿಷಯದಲ್ಲಿ ಆತುರ ಬೇಡ. ಕೆರೆ ತುಂಬ ಹಬ್ಬುವ ಜಲಕಳೆ ಕೊಳಚೆಯಲ್ಲಿನ ಸಾರವನ್ನು ಉಂಡು ಬೆಳೆಯುವುದರಿಂದ, ಕೊಳಚೆ ನಿಲ್ಲದೆ ಕಳೆ ನಿಲ್ಲುವುದಿಲ್ಲ. ಕಳೆನಾಶಕ ಸಿಂಪಡಿಸಲು ಯಾರಾದರೂ ಮುಂದೆ ಬಂದರೆ ದಯವಿಟ್ಟು ತಡೆಯಿರಿ. ಸತ್ತ ಗಿಡ ತಳಕ್ಕಿಳಿದು ಕೊಳೆತು, ಉಂಡ ಸಾರವನ್ನೆಲ್ಲ ಮತ್ತೆ ನೀರಿಗೇ ಬಿಡುತ್ತದೆ. ಕೈಯಿಂದ ಅಥವಾ ಯಂತ್ರದಿಂದ ಎಳೆದು, ದಡದ ಇಳಿಜಾರಿನಲ್ಲಿ ಬಿಡದೆ ದೂರ ಸಾಗಿಸಿ ಗೊಬ್ಬರ ಮಾಡಿ. ಅಂಚಿನ ಜೊಂಡನ್ನು ಮಾತ್ರ ಪೂರ್ತಿ ಕೀಳಿಸಬೇಡಿ. ಜಂಬುಕೋಳಿ, ಗುಳುಮುಳುಕಗಳು ಗೂಡು ಕಟ್ಟುವುದು ಅಲ್ಲಿ, ಕಾಲುವೆಯ ನೀರು ಸೋಸಿ ಬರುವುದೂ ಅದರ ನಡುವಿನಿಂದಲೇ. ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದ ನೀರು ಇಂಥದೇ ಜೌಗುಪ್ರದೇಶವನ್ನು ಹಾದು ಕೆರೆ ಸೇರುತ್ತದೆ. ಆದರೆ ಜೊಂಡನ್ನು ಆಗಾಗ ಒಂದೊಂದು ಭಾಗವಾಗಿ ಕೊಯ್ದು ಹೊರಗೆ ಸಾಗಿಸದಿದ್ದರೆ ಈ ಸೋಸುವಿಕೆ ಕುಂದುತ್ತದೆ.

ಹೂಳೆತ್ತುವುದು ಇಲಾಖೆಯ ಕೆಲಸ. ನೀವು ಅಲ್ಲಿ ನಿಂತು ಕೇಳಬೇಕಾದದ್ದು ಎರಡು: ಏರಿಯ ಬುಡವನ್ನು ಅಗೆಯಬಾರದು, ಕೆರೆಯನ್ನು ಬಟ್ಟಲಿನಂತೆ ಎಲ್ಲೆಡೆ ಕಡಿದಾಗಿ ತೋಡದೆ ಒಂದು ಬದಿಯನ್ನಾದರೂ ಆಳವಿಲ್ಲದೆ ಬಿಡಬೇಕು. ಕಾಲೂರಿ ಮೇಯುವ ಹಕ್ಕಿಗಳಿಗೆ ಬೇರೆ ಜಾಗವಿಲ್ಲ.

ಸಭೆಗೆ ಅಪಾರ್ಟ್‌ಮೆಂಟಿನವರನ್ನಷ್ಟೇ ಕರೆಯುವುದು ದೊಡ್ಡ ತಪ್ಪೆಂದು ನಾನು ನಂಬುತ್ತೇನೆ. ಮೀನಿನ ಗುತ್ತಿಗೆ ಹಿಡಿದವರು, ದಡದ ಹುಲ್ಲು ಕೊಯ್ದು ಹಸುವಿಗೆ ಹಾಕುವವರು, ಬಟ್ಟೆ ಒಗೆಯುವವರು, ಕೆರೆಯ ದೇವಸ್ಥಾನದ ಅರ್ಚಕರು, ಇವರೆಲ್ಲ ನಿಮಗಿಂತ ಮೊದಲಿನಿಂದ ಆ ನೀರನ್ನು ದಿನವೂ ನೋಡುತ್ತಿರುವವರು. ಬೇಲಿ ಹಾಕಿ ಅವರನ್ನು ಹೊರಗಿಟ್ಟರೆ ಕೆರೆ ತನ್ನ ಕಾವಲುಗಾರರನ್ನೇ ಕಳೆದುಕೊಳ್ಳುತ್ತದೆ. ಗಣೇಶನ ಹಬ್ಬಕ್ಕೆ ಪ್ರತ್ಯೇಕ ಕಲ್ಯಾಣಿಯನ್ನೋ ಸಂಚಾರಿ ತೊಟ್ಟಿಯನ್ನೋ ಗೊತ್ತು ಮಾಡಿಸುವುದು, ಬಣ್ಣವಿಲ್ಲದ ಮಣ್ಣಿನ ಮೂರ್ತಿ ತರುವಂತೆ ಮನೆಮನೆಗೆ ಹೇಳುವುದು, ಮೀನಿಗೆ ಬ್ರೆಡ್ ಹಾಕದಂತೆ ಮಕ್ಕಳಿಗೆ ತಿಳಿಸುವುದು, ಎಲ್ಲವೂ ಇವರ ಬಾಯಿಂದ ಬಂದರೆ ಹೆಚ್ಚು ನಾಟುತ್ತದೆ.

ಕೆರೆಯೊಳಗೆ ಏನೇ ಮಾಡುವ ಮೊದಲು ಅದು ಯಾರ ಸುಪರ್ದಿಯಲ್ಲಿದೆಯೋ ಆ ಕಚೇರಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಗಿಡ ನೆಡುವುದಕ್ಕೂ ಇದು ಬೇಕು. ಮುಂದಿನ ಫೆಬ್ರವರಿಯಲ್ಲಿ ಅದೇ ನಕ್ಷೆಯನ್ನು ಹಿಡಿದು, ಸಾಧ್ಯವಾದರೆ ಒಬ್ಬಿಬ್ಬರು ಹೊಸಬರೊಂದಿಗೆ, ಕಾಲುವೆಯುದ್ದಕ್ಕೂ ಮತ್ತೆ ನಡೆದು, ಒಣಗಿದ ಪೈಪುಗಳ ಕೆಂಪು ಗುರುತಿನ ಮೇಲೆ ಹಸಿರು ಗೆರೆ ಎಳೆಯಿರಿ.