ದೂರದ ಸೈಕಲ್ ಸವಾರಿ: ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಹೇಗೆ?

ಬೆಂಗಳೂರಿನಿಂದ ಮೈಸೂರಿಗೋ ಕೋಲಾರದಾಚೆಗೋ ಸೈಕಲ್ ಮೇಲೆ ಹೊರಡುವವರು ಟ್ಯೂಬು, ಪಂಪು, ದೀಪ, ನೀರಿನ ಬಾಟಲಿಗಳನ್ನೆಲ್ಲ ಹಿಂದಿನ ರಾತ್ರಿಯೇ ಜೋಡಿಸಿಟ್ಟುಕೊಳ್ಳುತ್ತಾರೆ. ಯಾವ ಸ್ಥಿತಿಯಲ್ಲಿ ಸವಾರಿಯನ್ನು ಕೈಬಿಡಬೇಕು ಎಂಬುದನ್ನು ಮಾತ್ರ ದಾರಿಯಲ್ಲಿ ನೋಡಿಕೊಂಡರಾಯಿತೆಂದು ಬಿಟ್ಟಿರುತ್ತಾರೆ. ಹಸಿದು, ಬಿಸಿಲಿಗೆ ಬಳಲಿದ ಮನಸ್ಸು ಆ ತೀರ್ಮಾನಕ್ಕೆ ಯೋಗ್ಯವಲ್ಲ. ಇನ್ನು ಹತ್ತೇ ಕಿಲೋಮೀಟರ್ ಎಂದು ಅದು ಹೇಳುತ್ತಲೇ ಇರುತ್ತದೆ. ಆದ್ದರಿಂದ ನಿಲ್ಲುವ ನಿಯಮಗಳನ್ನು ಮನೆಯಲ್ಲೇ ಕೂತು ಬರೆದುಕೊಂಡು, ಜೊತೆಗಾರರಿಗೂ ಮನೆಯವರಿಗೂ ತಿಳಿಸಿ ಹೊರಡಬೇಕು.

ಮೊದಲು, ದಾರಿಯಲ್ಲಿ ಎಲ್ಲೆಲ್ಲಿಂದ ವಾಪಸಾಗಬಹುದು ಎಂಬುದನ್ನು ಗುರುತು ಹಾಕಿಕೊಳ್ಳಿ. ಸುಮಾರು 145 ಕಿ.ಮೀ. ದೂರದ ಮೈಸೂರು ದಾರಿ ಈ ದೃಷ್ಟಿಯಿಂದ ಅನುಕೂಲಕರ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಲ್ಲಿ ರೈಲೂ ಇದೆ, ಬಸ್ಸೂ ಇದೆ. ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲದ ಕಾರಣ ಸರ್ವಿಸ್ ರಸ್ತೆಯನ್ನೂ ಊರೊಳಗಿನ ಹಳೆಯ ರಸ್ತೆಯನ್ನೂ ಹಿಡಿಯಬೇಕು. ನಿಲ್ಲಬೇಕಾಗಿ ಬಂದವರಿಗೆ ಊರುಗಳು ಹತ್ತಿರವಿರುವುದು ಒಳ್ಳೆಯದೇ. ಕನಕಪುರದ ದಾರಿಯಲ್ಲಿ ರೈಲಿಲ್ಲ. ಸೈಕಲ್ಲನ್ನು ರೈಲಿನಲ್ಲಿ ತರಲು ಲಗೇಜ್ ಆಗಿ ಬುಕ್ ಮಾಡಬೇಕಾಗುತ್ತದೆ. ಸಣ್ಣ ನಿಲ್ದಾಣಗಳಲ್ಲಿ ಆ ಸೌಲಭ್ಯವಿದೆಯೇ ಎಂದು ಮೊದಲೇ ವಿಚಾರಿಸಿಡಿ.

ಎರಡನೆಯದು ಹೊತ್ತಿನ ಲೆಕ್ಕ. ಹೋಗಿ ಬರುವ ಸವಾರಿಯಲ್ಲಿ ಅರ್ಧ ಸಮಯ ಕಳೆದಾಗ ತಿರುಗಿದರೆ ಸಾಕೆಂಬ ಲೆಕ್ಕ ಹಲವು ಬಾರಿ ತಪ್ಪುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಕೋಲಾರದ ಕಡೆ ಹೋಗುವಾಗ ಬೆನ್ನಿಗೆ ಸಿಗುವ ಗಾಳಿಯೇ ಬರುವಾಗ ಎದುರಾಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದು, ಮೈಸೂರು ಅದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಹಿಂದಿರುಗುವಾಗ ಒಟ್ಟಾರೆ ಏರೇ ಹೆಚ್ಚು. ತಿರುಗುವ ಗಂಟೆಯನ್ನು ಇದಕ್ಕೆ ತಕ್ಕಂತೆ ಮುಂಚಿತವಾಗಿಯೇ ಇಟ್ಟುಕೊಳ್ಳಿ. ಗೊತ್ತುಪಡಿಸಿದ ದೂರವನ್ನು ಗಡುವಿನೊಳಗೆ ಮುಗಿಸಬೇಕಾದ ಬ್ರೆವೆ ಸವಾರಿಗಳಲ್ಲಿ 200 ಕಿ.ಮೀ.ಗೆ ಕೊಡುವ ಹದಿಮೂರೂವರೆ ಗಂಟೆಯಲ್ಲಿ ಊಟ, ವಿಶ್ರಾಂತಿಗಳ ಸಮಯವೂ ಸೇರಿರುತ್ತದೆ ಎಂಬುದನ್ನು ನೆನಪಿಡಿ.

ದಾರಿಯಲ್ಲಿ ತೊಂದರೆ ಕಾಣಿಸಿದಾಗ, ಅದು ವಿಶ್ರಾಂತಿಯಿಂದ ಹೋಗುವಂಥದ್ದೇ ಎಂದು ಮೊದಲು ಪರೀಕ್ಷಿಸಬೇಕು. ನೆರಳಿನಲ್ಲಿ ಅರ್ಧ ಗಂಟೆ ಕೂತು, ತಿಂದು, ಕುಡಿದು, ಆಮೇಲೆ ನೋಡಿ. ಕಾಲಲ್ಲಿ ಶಕ್ತಿಯೇ ಇಲ್ಲವೆನಿಸುವುದು, ಕಾರಣವಿಲ್ಲದೆ ಸಿಡಿಮಿಡಿಗೊಳ್ಳುವುದು, ಇವು ಬಹುಮಟ್ಟಿಗೆ ಹಸಿವಿನ ಲಕ್ಷಣಗಳು. ದೀರ್ಘ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚಿದ್ದರೂ ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋದ ಉಪ್ಪು ಅದರಿಂದ ಪೂರ್ತಿ ತುಂಬುವುದಿಲ್ಲ. ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಅಪಾಯಕಾರಿಯಾಗಿ ಕುಸಿಯಬಹುದಾದ್ದರಿಂದ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಜೊತೆಗಿರಲಿ.

ಎರಡೂ ತೊಡೆಗಳು ಒಂದೇ ಸಮನೆ ನೋಯುತ್ತಿದ್ದರೆ ಅದು ದಣಿವು. ಒಂದೇ ಮಂಡಿಯಲ್ಲಿ ಚುಚ್ಚುವ ನೋವು ಬಂದರೆ ಅದು ಗಾಯದ ಸೂಚನೆ. ನೋವು ಮಂಡಿಯ ಮುಂಭಾಗದಲ್ಲಿದ್ದರೆ ಸೀಟು ತಗ್ಗಾಗಿರಬಹುದು, ಹಿಂಭಾಗದಲ್ಲಿದ್ದರೆ ಎತ್ತರವಾಗಿರಬಹುದು. ಸರಿಪಡಿಸಿದ ಮೇಲೂ ನೋವಿನಿಂದ ಪೆಡಲ್ ತುಳಿಯುವ ರೀತಿಯೇ ಬದಲಾಗುತ್ತಿದ್ದರೆ ಮುಂದಿನ ಊರಿನಲ್ಲಿ ಸವಾರಿ ಮುಗಿಸಿ. ಕಿರುಬೆರಳು, ಉಂಗುರ ಬೆರಳುಗಳು ಜೋಮು ಹಿಡಿದರೆ ಅಂಗೈಯ ನರ ಒತ್ತಿಕೊಂಡಿದೆಯೆಂದು ತಿಳಿದು, ಹ್ಯಾಂಡಲ್ ಮೇಲಿನ ಹಿಡಿತ ಬದಲಿಸಿ. ಬ್ರೇಕ್ ಒತ್ತಲು ಬೆರಳಿಗೆ ಬಲವಿಲ್ಲದಿದ್ದರೆ ಸೀಟಿನ ಮೇಲೆ ಮತ್ತೆ ಕೂರಬೇಡಿ.

ಕೆಲವು ಲಕ್ಷಣಗಳಿಗೆ ಈ ಅರ್ಧ ಗಂಟೆಯ ಪರೀಕ್ಷೆಯೂ ಸಲ್ಲದು. ಎದೆನೋವು, ಅದು ತೋಳಿಗೋ ದವಡೆಗೋ ಹರಡುವುದು, ಕೂತಾಗಲೂ ಉಸಿರು ಕಟ್ಟುವುದು, ಬಿಸಿಲಿನಲ್ಲಿ ಮಾತು ತೊದಲುವುದು, ಎಲ್ಲಿದ್ದೇವೆಂಬುದೇ ತಿಳಿಯದಾಗುವುದು, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾಗುವುದು: ಇವುಗಳಲ್ಲಿ ಯಾವುದೊಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ಬಿಸಿಲಿನ ಹೊಡೆತವಾಗಿದ್ದರೆ ಆಂಬುಲೆನ್ಸ್ ಬರುವವರೆಗೂ ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಿರಬೇಕು.

ನಿದ್ದೆಯ ವಿಷಯದಲ್ಲಿ ನನಗೆ ಹೆಚ್ಚು ಆತಂಕವಿದೆ, ಏಕೆಂದರೆ ತೂಕಡಿಸುವವರಿಗೆ ತಾವು ತೂಕಡಿಸಿದ್ದು ಅನೇಕ ಸಲ ಗೊತ್ತೇ ಆಗುವುದಿಲ್ಲ. ಹಿಂದಿನ ಒಂದು ಕಿಲೋಮೀಟರ್ ದಾರಿ ನೆನಪಿಗೆ ಬರದಿದ್ದರೆ, ಸೈಕಲ್ ರಸ್ತೆಯಂಚಿಗೆ ವಾಲುತ್ತಿದ್ದರೆ, ದೀಪವಿರುವ ಪೆಟ್ರೋಲ್ ಬಂಕಿನಲ್ಲಿ ಇಪ್ಪತ್ತು ನಿಮಿಷ ಮಲಗಿ. ಕಾಫಿಯ ಪರಿಣಾಮ ಪೂರ್ತಿ ಕಾಣಲು ಸುಮಾರು ಅರ್ಧ ಗಂಟೆ ಬೇಕಾಗುವುದರಿಂದ ಅದನ್ನು ಮಲಗುವ ಮುಂಚೆಯೇ ಕುಡಿಯುವುದು ಲೇಸು. ಎದ್ದು ಹೊರಟ ಮೇಲೂ ಮತ್ತೆ ಕಣ್ಣೆಳೆದರೆ ಆ ರಾತ್ರಿ ಲಾಡ್ಜಿನಲ್ಲಿ ಉಳಿಯಬೇಕು.

ಸೈಕಲ್ಲಿನ ವಿಚಾರ ಸರಳ. ಪಂಕ್ಚರ್ ಆದರೆ, ಚೈನ್ ತುಂಡಾದರೆ ಸರಿಪಡಿಸಿಕೊಂಡು ಹೊರಡಬಹುದು. ಫ್ರೇಮು, ಫೋರ್ಕು ಅಥವಾ ಹ್ಯಾಂಡಲ್ ಬಿರುಕು ಬಿಟ್ಟರೆ ಹೊರಡಬಾರದು.

ಗುಂಪಿನಲ್ಲಿ ಹೋಗುವಾಗ "ಆರಾಮಾ?" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. "ಕೊನೆಗೆ ಏನು ತಿಂದಿರಿ? ಯಾವಾಗ? ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು?" ಎಂದು ಕೇಳಿ ನೋಡಿ, ಉತ್ತರಿಸಲು ತಡವರಿಸುವವರನ್ನು ಕೂರಿಸಿ. ಯಾರೊಬ್ಬರು ಸಾಕೆಂದರೂ ಚರ್ಚೆಯಿಲ್ಲದೆ ಒಪ್ಪಿ, ಅವರೊಡನೆ ಒಬ್ಬರಾದರೂ ಉಳಿಯಬೇಕು. ಬ್ರೆವೆಯಾಗಿದ್ದರೆ ಆಯೋಜಕರಿಗೆ ಕೂಡಲೇ ಫೋನ್ ಮಾಡಿ, ಇಲ್ಲದಿದ್ದರೆ ಅವರು ನಿಮ್ಮನ್ನು ಕತ್ತಲಲ್ಲಿ ಹುಡುಕಬೇಕಾಗುತ್ತದೆ.