ಬಾಯಿ ಬಿಟ್ಟ ಮೂರಲಗಿನ ಚಾಕು

ಹಳೇ ಮಡಚುವ ಚಾಕುವಿನಲ್ಲಿ ಮೂರು ಅಲಗು ಕಂಡರೆ ಸಾಕು, 'ಸ್ಟಾಕ್‌ಮನ್' (ದನ ಸಾಕುವವರ ಮೂರಲಗಿನ ಮಾದರಿ) ಅಂದುಬಿಡುವುದು ಚಾಕು ಕೂಡಿಡುವ ನಮ್ಮವರಿಗೆಲ್ಲ ಚಟ. ನನ್ನ ಚಾಕುವಿಗೂ ಹಾಗೇ ಅಂದರು. ಒಬ್ಬರು 'ಕ್ಯಾಟಲ್ ನೈಫ್' ಅಂತ ಇನ್ನೊಂದು ಮಾದರಿಯ ಹೆಸರು ಹೇಳಿದರು. ಇನ್ನೊಬ್ಬ ಹಿರಿಯರು, ನಲವತ್ತು ವರ್ಷದಿಂದ ಚಾಕು ಕೂಡಿಟ್ಟವರು, ಫೋಟೋ ನೋಡಿ "ಇದು ಗುಜರಿ ಕಣಪ್ಪಾ, ಪ್ಯಾಟರ್ನ್ ಗೀಟರ್ನ್ ಏನೂ ಉಳಿದಿಲ್ಲ" ಅಂತ ಮುಗಿಸಿದರು. ಸುಮಾರು ಎರಡು ವರ್ಷ ಹೀಗೇ ನಡೆಯಿತು. ಅದು ವಿಟ್ಲರ್, ಮರ ಕೆತ್ತುವವರ ಚಾಕುವಿನ ಮಾದರಿ. ಅದೂ ವಾರ್ನ್‌ಕ್ಲಿಫ್ ಅಲಗಿನ ವಿಟ್ಲರ್, ಅಂದರೆ ಅಲಗಿನ ಬಾಯಿ (ಹರಿತದ ಅಂಚು) ನೆಟ್ಟಗಿದ್ದು ಬೆನ್ನು ನಿಧಾನವಾಗಿ ತುದಿಗೆ ಇಳಿಯುವಂಥದ್ದು. ಹೇಗೆ ಗೊತ್ತಾಯಿತು ಅಂತ ಬರೆದಿಡುತ್ತಿದ್ದೇನೆ, ಯಾಕಂದರೆ ಈಗ ಎಲ್ಲರೂ "ನಾನು ಆಗಲೇ ಹೇಳಿದ್ದೆ" ಅನ್ನುತ್ತಿದ್ದಾರೆ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿದ್ದು, 400 ರೂಪಾಯಿಯೋ 450ಓ ಕೊಟ್ಟ ನೆನಪು. ಸಕಲೇಶಪುರದ ಕಡೆಯ ಯಾವುದೋ ತೋಟದ ಬಂಗಲೆಯ ಸಾಮಾನು ಅಂದ ಮಾರುವವ. ಎಲ್ಲದಕ್ಕೂ ಹಾಗೇ ಹೇಳುತ್ತಾನೆ, ಬಿಡಿ. ಮಡಚಿದಾಗ 83 ಮಿಲಿಮೀಟರ್ ಆಸುಪಾಸು, ಅಂದರೆ ಮೂರೂಕಾಲು ಇಂಚು. ದೊಡ್ಡ ಅಲಗು ಸಾಣೆ ಹಿಡಿದು ಹಿಡಿದು ಮೀನಿನ ಮುಳ್ಳಿನ ಹಾಗಾಗಿತ್ತು. ಬಾಯಿ ದುಂಡಗಾಗಿ, ತುದಿ ನಡುವಿಗೆ ಬಂದು ನಿಂತಿತ್ತು. ಚಿಕ್ಕವೆರಡು ತುಕ್ಕು ಹಿಡಿದು ಗಟ್ಟಿಯಾಗಿ ಕೂತಿದ್ದವು. ಹಿಡಿಯ ಬೆನ್ನಿನ ತುಂಬ ಟಾರಿನಂಥ ಜಿಡ್ಡು.

ಮೊದಲು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಟ್ಯಾಂಗ್ (ಅಲಗಿನ ಬುಡ) ಮೇಲಿನ ಕಂಪನಿ ಮುದ್ರೆ ಓದಿದರೆ ಎಲ್ಲ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಇದಕ್ಕೂ ಮುಂಚೆ 2,500 ಕೊಟ್ಟು ತಂದಿದ್ದ ಇನ್ನೊಂದು ಚಾಕುವನ್ನು ವಿನೆಗರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ತುಕ್ಕು ಹೋಗಿತ್ತು, ಅದರ ಜೊತೆ ಅಲಗಿನ ಮೇಲೆ ಕೊರೆದಿದ್ದ ಬರಹವೂ (ಎಚಿಂಗ್) ಹೋಗಿತ್ತು. ಮೂಳೆಯ ಹಿಡಿ ಬೆಳ್ಳಗೆ ಬಿಳಿಚಿಕೊಂಡಿತ್ತು. ಅದನ್ನು ಕೊನೆಗೆ 600ಕ್ಕೆ ಕೊಟ್ಟೆ. ಆಮೇಲೆ ಪುಸ್ತಕದ ಚಿತ್ರಗಳಿಗೆ ಅಲಗು ಹೋಲಿಸುತ್ತಾ ಕೂತೆ. ನಾಲ್ಕು ತಿಂಗಳು ದಂಡ. ಎಪ್ಪತ್ತು ಎಂಬತ್ತು ವರ್ಷ ಸವೆದ ಅಲಗಿಗೂ ಹೊಸ ಅಲಗಿನ ಚಿತ್ರಕ್ಕೂ ಎಲ್ಲಿಯ ಹೋಲಿಕೆ? "ಅದೇನ್ರೀ, ಚಾಕುವಿಗೂ ಜಾತಕ ಬರೀತಿದ್ದೀರಾ?" ಅಂದಳು ನನ್ನ ಹೆಂಡತಿ.

ತಿರುವು ಸಿಕ್ಕಿದ್ದು ಅಲಗು ನೋಡುವುದನ್ನು ಬಿಟ್ಟಾಗ. ಸೀಮೆಎಣ್ಣೆಯಲ್ಲಿ ಮೂರು ದಿನ, ಆಮೇಲೆ ಹೊಲಿಗೆ ಮೆಷಿನ್ ಎಣ್ಣೆ, ಬಿದಿರು ಕಡ್ಡಿ, ಹಳೇ ಟೂತ್‌ಬ್ರಶ್. ಲೋಹದ ಮೊನೆ ಮುಟ್ಟಿಸಲಿಲ್ಲ. ಬೆನ್ನು ಸ್ವಚ್ಛವಾದ ಮೇಲೆ ಭೂತಗನ್ನಡಿ ಹಿಡಿದೆ. ಅಲಗುಗಳನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಎರಡು. ಒಂದು ಕೊನೆಯಲ್ಲಿ ದೊಡ್ಡ ಅಲಗು ಒಂದೇ, ಅದರ ಟ್ಯಾಂಗ್ ದಪ್ಪವಾಗಿ ಎರಡೂ ಸ್ಪ್ರಿಂಗ್ ಮೇಲೆ ಒಟ್ಟಿಗೆ ಕೂತಿದೆ. ಇನ್ನೊಂದು ಕೊನೆಯಲ್ಲಿ ಚಿಕ್ಕವೆರಡು, ಒಂದೊಂದಕ್ಕೂ ತನ್ನದೇ ಸ್ಪ್ರಿಂಗ್, ನಡುವೆ ಹಿತ್ತಾಳೆಯ ತೆಳು ಬೆಣೆ. ಸ್ಟಾಕ್‌ಮನ್‌ನಲ್ಲಾಗಲಿ ಕ್ಯಾಟಲ್ ನೈಫ್‌ನಲ್ಲಾಗಲಿ ಸಾಮಾನ್ಯವಾಗಿ ದೊಡ್ಡ ಅಲಗು ಹೀಗೆ ಎರಡು ಸ್ಪ್ರಿಂಗ್ ಮೇಲೆ ಸವಾರಿ ಮಾಡುವುದಿಲ್ಲ, ಅದು ವಿಟ್ಲರಿನ ಲಕ್ಷಣ. ಕ್ಯಾಲಿಪರ್ ಹಾಕಿದೆ, ದೊಡ್ಡದರ ಟ್ಯಾಂಗ್ ಚಿಕ್ಕದರ ಹೆಚ್ಚುಕಮ್ಮಿ ಎರಡರಷ್ಟು ದಪ್ಪ. ನಮ್ಮವರೆಲ್ಲ ಪಕ್ಕದಿಂದ ತೆಗೆದ ಫೋಟೋ ನೋಡಿ ತೀರ್ಪು ಕೊಡುತ್ತಾರೆ, ಬೆನ್ನು ಯಾರೂ ಕೇಳುವುದಿಲ್ಲ.

ಅಲಗು ಮೊದಲು ಹೇಗಿತ್ತು ಅನ್ನುವುದೇ ಜಾಸ್ತಿ ಮಜಾ ಕೊಟ್ಟ ಭಾಗ. ಸಾಣೆ ಸವೆಸುವುದು ಅಲಗಿನ ಬಾಯಿಯನ್ನು, ಬೆನ್ನನ್ನಲ್ಲ. ಹಾಗಾಗಿ ಬೆನ್ನಿನ ಗೆರೆಯನ್ನು ನಂಬಬಹುದು. ಈ ಅಲಗಿನ ಬೆನ್ನು ಅರ್ಧಕ್ಕಿಂತ ಮುಂಚೆಯೇ ನಿಧಾನವಾಗಿ ಕೆಳಗೆ ಬಾಗಲು ಶುರುವಾಗಿತ್ತು. ಸರಿ, ಬಾಯಿ? ಅದಕ್ಕೆ ಚಾಕುವಿನ ಹೊಟ್ಟೆಯೊಳಗೆ ನೋಡಬೇಕು. ಅಲಗು ಪೂರ್ತಿ ಅಗಲ ಇದ್ದ ಕಾಲದಲ್ಲಿ ತೆರೆದು ಮಡಚಿ ಹಿತ್ತಾಳೆಯ ಲೈನರಿಗೆ (ಹಿಡಿಯ ಒಳಮೈಯ ತಗಡು) ಉಜ್ಜಿರುತ್ತದೆ, ಆ ಗುರುತು ಸುಲಭವಾಗಿ ಹೋಗುವುದಿಲ್ಲ. ಟಾರ್ಚನ್ನು ತೀರಾ ಓರೆ ಹಿಡಿದರೆ ಕಾಣುತ್ತದೆ. ಯಾವ ಕೋನ, ಅದಕ್ಕೆ ಮೊದಲು ಲೈನರಿಗೆ ಏನು ಸವರುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಎರಡು ವರ್ಷದ ಕೂಲಿ ಅದು. ಗುರುತು ತುದಿಯವರೆಗೂ ನೆಟ್ಟಗೆ ಓಡಿತ್ತು. ನೆಟ್ಟಗಿನ ಬಾಯಿ, ಅದರ ಮೇಲೆ ನಿಧಾನವಾಗಿ ಇಳಿಯುವ ಬೆನ್ನು. ವಾರ್ನ್‌ಕ್ಲಿಫ್ ಅಲ್ಲದೆ ಇನ್ನೇನು! ದುಂಡಗೆ ಮಾಡಿದ್ದು ನಮ್ಮ ಊರುಗಳ ಸಾಣೆಯವರು.

ಕಿಕ್ ಕೂಡ ನೋಡಿ, ಅಂದರೆ ಮಡಚಿದಾಗ ಅಲಗು ತೀರಾ ಒಳಗೆ ಇಳಿಯದಂತೆ ತಡೆಯುವ ಟ್ಯಾಂಗಿನ ಉಬ್ಬು. ಇದರಲ್ಲಿ ಅರ ಹಾಕಿ ತಗ್ಗಿಸಿದ್ದರು. ತುದಿ ಮುರಿದಾಗ ಬಾಯಿಯ ಕಡೆಯಿಂದ ತಿದ್ದಿದರೆ ಮಡಚಿದಾಗ ಮೊನೆ ಮೇಲೆದ್ದು ಜೇಬು ಹರಿಯುತ್ತದೆ, ಅದನ್ನು ಒಳಗೆ ಇಳಿಸಲು ಈ ಉಪಾಯ. ಅರದ ಗೆರೆ ಕಂಡರೆ ತುದಿಯ ಮೇಲೆ ನಂಬಿಕೆ ಇಡಬೇಡಿ.

ನಡುವೆ ಹಿಡಿಯ ಹಿಂದೆ ಬಿದ್ದು ಒಂದು ತಿಂಗಳು ಕಳೆದೆ. ಆಮೆ ಚಿಪ್ಪಿನ ಬಣ್ಣ ಇತ್ತು. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಗಿಗೆ ಹಿಡಿದರೆ ದೇವರ ಮನೆಯ ಕರ್ಪೂರದ ವಾಸನೆ. ಸೆಲ್ಯುಲಾಯ್ಡ್ ಅನ್ನುವ ಹಳೇ ಪ್ಲಾಸ್ಟಿಕ್ ಮಾಡುವುದೇ ಕರ್ಪೂರ ಹಾಕಿ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಾನು ಬೇರೊಂದು ಮುರಿದ ಹಿಡಿಯ ಚೂರಿಗೆ ಕಾದ ಸೂಜಿ ಚುಚ್ಚಿದೆ, ಭಗ್ಗನೆ ಹತ್ತಿಕೊಂಡು ಹುಬ್ಬು ಸುಟ್ಟಿತು. ಸೆಲ್ಯುಲಾಯ್ಡ್ ಹಿಡಿಯದನ್ನು ಬೇರೆ ಚಾಕುಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಡಲೂಬಾರದು, ಹಳತಾದರೆ ಅದರ ಆವಿಗೆ ಪಕ್ಕದ ಅಲಗುಗಳೂ ತುಕ್ಕು ಹಿಡಿಯುತ್ತವೆ. ನನ್ನವು ಮೂರು ಹಾಗೇ ಹಾಳಾದವು. ಇನ್ನು ಕಡವೆ ಕೊಂಬಿನ ಹಿಡಿಯದು ಬಂದರೆ ನಾನು ಕೈಯೇ ಹಾಕುವುದಿಲ್ಲ. ಇಂಗ್ಲೆಂಡಿನ ಚಾಕು ಊರಾದ ಶೆಫೀಲ್ಡಿಗೆ ಆ ಕೊಂಬು ಒಂದು ಕಾಲದಲ್ಲಿ ನಮ್ಮ ದೇಶದಿಂದಲೇ ಹೋಗುತ್ತಿತ್ತು. ಈಗ 1972ರ ವನ್ಯಜೀವಿ ಕಾಯ್ದೆ ಇದೆ, ಅದರ ಜೊತೆ ಆಟ ಬೇಡ.

ಮುದ್ರೆ ಕೊನೆಗೂ ಕಂಡಿತು, ಸೀಮೆಸುಣ್ಣದ ಪುಡಿ ಮತ್ತು ಓರೆ ಬೆಳಕಿನಿಂದ. ಒಂದು ನಕ್ಷತ್ರ, ಪಕ್ಕದಲ್ಲಿ ಮಾಲ್ಟೀಸ್ ಶಿಲುಬೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ (Rodgers) ಕಂಪನಿಯ ಗುರುತು. ಇದರ ನಕಲು ಜಾಸ್ತಿ, ನಡುವಿನ 'ಡಿ' ಅಕ್ಷರ ಇಲ್ಲದ 'ರೋಜರ್ಸ್' (Rogers) ಒಂದಕ್ಕೆ ನಾನೇ 1,200 ಕಳೆದುಕೊಂಡಿದ್ದೇನೆ. ನನ್ನ ವಿಟ್ಲರಿನ ಮುದ್ರೆಯಲ್ಲಿ 'ಇಂಗ್ಲೆಂಡ್' ಅಂತ ಇಲ್ಲ. ಹಾಗಾದರೆ 1890ಕ್ಕಿಂತ ಹಿಂದಿನದು ಅಂತ ಕುಣಿದವರಿದ್ದಾರೆ. ಸ್ವಾಮಿ, ದೇಶದ ಹೆಸರು ಇರಲೇಬೇಕು ಅಂದ ಆ 1890ರ ಮೆಕಿನ್ಲೆ ಕಾನೂನು ಅಮೆರಿಕದ್ದು, ಅಲ್ಲಿಗೆ ಹೋಗುವ ಮಾಲಿಗೆ. ಸಕಲೇಶಪುರಕ್ಕೆ ಬಂದ ಚಾಕು ಅದರ ಮಾತು ಯಾಕೆ ಕೇಳಬೇಕು?

ಎಲ್ಲ ಸೇರಿ ಖರ್ಚು, ಹಾಳು ಮಾಡಿದ್ದನ್ನೂ ಲೆಕ್ಕ ಹಿಡಿದರೆ, ಏಳು ಸಾವಿರ ದಾಟಿರಬಹುದು. ಮೊನ್ನೆ ಒಬ್ಬರು ಆರು ಸಾವಿರಕ್ಕೆ ಕೇಳಿದರು, ಕೊಡಲಿಲ್ಲ. 'ಗುಜರಿ' ಅಂದಿದ್ದ ಆ ಹಿರಿಯರು ಕಳೆದ ವಾರ ಮೊಮ್ಮಗನ ಕೈಯಲ್ಲಿ ಎರಡು ಚಾಕು ಕಳಿಸಿದ್ದಾರೆ, "ಸ್ವಲ್ಪ ನೋಡಿ ಹೇಳಪ್ಪಾ" ಅಂತ. ಒಂದು ಸುಲಭ. ನಾಲ್ಕು ಅಲಗು, ಒಳಬಾಗಿದ ಬೆನ್ನು, ಕಾಂಗ್ರೆಸ್ ಪ್ಯಾಟರ್ನ್. ಇನ್ನೊಂದರ ಲೈನರಿಗೆ ಯಾರೋ ಬ್ರಾಸೋ ಹಾಕಿ ಕನ್ನಡಿ ಥರ ತಿಕ್ಕಿದ್ದಾರೆ, ಒಂದು ಗೆರೆಯೂ ಉಳಿದಿಲ್ಲ. ಅದು ಮೇಜಿನ ಮೇಲೇ ಇದೆ.